ಕೆಲಸಕ್ಕೆ ಬಾರದ ಕಷಾಯ

ಸಹಜ ಹೆರಿಗೆಯಾಗಿ ಕಸ ಬಿದ್ದ ಮೇಲೆ ಗರ್ಭಕೋಶಕ್ಕೆ ಇರುವ ಮೊದಲ ಕೆಲಸ ಗಟ್ಟಿಯಾಗುವುದು. ಕಸ ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಸುತ್ತಲಿನ ಸ್ನಾಯುಗಳು ಬಿಗಿದು ಅವನ್ನು ಹಿಸುಕಿ ಮುಚ್ಚಬೇಕು. ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರದಲ್ಲಿ ನೂರು ಗ್ರಾಮಿಗಿಂತ ಕಡಿಮೆಯಾಗುವುದು ಆಮೇಲಿನ ಮಾತು. ಈಗಲೇ ಬಿಗಿಯದಿದ್ದರೆ ಬಾಣಂತಿ ಉಳಿಯುವುದೇ ಕಷ್ಟ.

ಯುರೋಪಿನ ಸೂಲಗಿತ್ತಿಯರಿಗೆ ಒಂದು ಮದ್ದು ಗೊತ್ತಿತ್ತು: ರೈ ತೆನೆಯಲ್ಲಿ ಕಾಳಿನ ಜಾಗದಲ್ಲಿ ಬೆಳೆಯುವ ಎರ್ಗಾಟ್ ಎಂಬ ಕಪ್ಪು ಶಿಲೀಂಧ್ರ. ಅದರ ಪುಡಿ ಹೆರಿಗೆಯನ್ನು ಚುರುಕುಗೊಳಿಸುತ್ತದೆ ಎಂದು 1808ರಲ್ಲಿ ಅಮೆರಿಕದ ವೈದ್ಯ ಜಾನ್ ಸ್ಟರ್ನ್ಸ್ ಬರೆದ. ಚುರುಕಾಗಿದ್ದೇನೋ ನಿಜ. ಆದರೆ ಬಿಗಿದ ಗರ್ಭಕೋಶ ಸಡಿಲವಾಗದೆ ಮಕ್ಕಳು ಒಳಗೇ ಸಾಯತೊಡಗಿದವು. ರಕ್ತಸ್ರಾವ ತಡೆಯಲಷ್ಟೇ ಇದನ್ನು ಕೊಡಿ ಎಂದು 1824ರಲ್ಲಿ ನ್ಯೂಯಾರ್ಕಿನ ಡೇವಿಡ್ ಹೊಸ್ಯಾಕ್ ಎಚ್ಚರಿಸಬೇಕಾಯಿತು.

ಆಮೇಲೆ ರಸಾಯನಶಾಸ್ತ್ರಜ್ಞರ ಸರದಿ. 1906ರಲ್ಲಿ ಎರ್ಗಾಟಿನಿಂದ ಎರ್ಗಟಾಕ್ಸಿನ್, 1918ರಲ್ಲಿ ಎರ್ಗಟಮಿನ್ ಬೇರ್ಪಟ್ಟವು. ಎರಡೂ ನೀರಿನಲ್ಲಿ ಕರಗುವುದಿಲ್ಲ. ಹಾಗಾದರೆ ವೈದ್ಯರು ಬಹುಕಾಲದಿಂದ ಕುಡಿಸುತ್ತಿದ್ದ ನೀರಿನ ಕಷಾಯದಲ್ಲಿ ಸತ್ವವೇ ಇಲ್ಲ ಎಂಬುದು ಪಂಡಿತರ ತೀರ್ಮಾನ. ವಾರ್ಡುಗಳಲ್ಲಿ ಮಾತ್ರ ಕುಡಿಸುವುದು ನಿಲ್ಲಲಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಜಾನ್ ಚಾಸರ್ ಮೋಯರ್ ಈ ವ್ಯಾಜ್ಯವನ್ನು ಬಾಣಂತಿಯರ ಹತ್ತಿರವೇ ಒಯ್ದ. ಹೆರಿಗೆಯಾಗಿ ಕೆಲವು ದಿನ ಕಳೆದವರ ಗರ್ಭಕೋಶದೊಳಗೆ ಪುಟ್ಟ ರಬ್ಬರ್ ಬಲೂನು ಇಟ್ಟು, ಅದರ ನಳಿಕೆಯನ್ನು ಒತ್ತಡ ದಾಖಲಿಸುವ ಯಂತ್ರಕ್ಕೆ ಜೋಡಿಸಿದ. ಗರ್ಭಕೋಶ ಹಿಂಡಿದಾಗಲೆಲ್ಲ ಕಾಗದದ ಮೇಲೆ ಗೆರೆ ಏರುತ್ತಿತ್ತು. (ಇಂದಿನ ಯಾವ ನೈತಿಕ ಸಮಿತಿಯೂ ಇದನ್ನು ಸುಲಭಕ್ಕೆ ಒಪ್ಪಲಿಕ್ಕಿಲ್ಲ.) ಶುದ್ಧ ರಾಸಾಯನಿಕಗಳು ನಿಧಾನವಾಗಿ ಕೆಲಸ ಮಾಡಿದವು. ಕೆಲಸಕ್ಕೆ ಬಾರದ್ದೆಂದ ಕಷಾಯ ಕುಡಿಸಿದರೆ, ಕೆಲವೇ ನಿಮಿಷಗಳಲ್ಲಿ ಗೆರೆ ಸರ್ರನೆ ಮೇಲೇರಿತು. 1932ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಕಷಾಯದಲ್ಲಿ ಇದ್ದದ್ದು ಏನು? ರಸಾಯನಶಾಸ್ತ್ರಜ್ಞ ಹೆರಾಲ್ಡ್ ಡಡ್ಲಿ ಅದನ್ನು ಭಾಗಭಾಗವಾಗಿ ಬೇರ್ಪಡಿಸಿ ಕೊಡುತ್ತಾ ಹೋದ. ಪ್ರತಿ ಭಾಗವನ್ನೂ ಮೋಯರ್ ವಾರ್ಡಿನಲ್ಲಿ ಪರೀಕ್ಷಿಸಿದ. ಪ್ರಯೋಗಾಲಯದ ಪ್ರಾಣಿಗಳಿಂದ ದಾರಿ ಸಿಗದಿದ್ದಾಗ ಸುಳಿವು ಕೊಟ್ಟದ್ದು ಬಾಣಂತಿಯರೇ. ಅವರ ಹೆಸರು ಯಾವ ಪ್ರಬಂಧದ ತಲೆಯ ಮೇಲೂ ಇಲ್ಲ. 1935ರಲ್ಲಿ ಎರ್ಗೊಮೆಟ್ರಿನ್ ಕೈಗೆ ಬಂತು. ಅದೇ ಹೊತ್ತಿಗೆ ಶಿಕಾಗೋ, ಬಾಲ್ಟಿಮೋರ್, ಬಾಸೆಲ್‌ಗಳಲ್ಲೂ ಅದೇ ವಸ್ತು ಸಿಕ್ಕಿ, ಯಾರು ಮೊದಲು ಎಂಬ ಜಗಳ ಹತ್ತಿತು. ಡಡ್ಲಿ ಅದೇ ವರ್ಷ ತೀರಿಕೊಂಡ.

ಹೆರಿಗೆ ಕೋಣೆಗಳಲ್ಲಿ ಎರ್ಗೊಮೆಟ್ರಿನ್ ಚುಚ್ಚುಮದ್ದು ಅಸಂಖ್ಯ ತಾಯಂದಿರನ್ನು ಉಳಿಸಿದೆ. ಆದರೆ ಬಿಸಿಗೂ ಬೆಳಕಿಗೂ ಕೆಡುತ್ತದೆ, ಬಿಪಿ ಇರುವವರಿಗೆ ಕೊಡುವಂತಿಲ್ಲ. ಮುಂದೆ ಅದರ ಜಾಗಕ್ಕೆ ಬಂದ ಆಕ್ಸಿಟೋಸಿನ್ನಿಗೂ ಫ್ರಿಜ್ಜು ಬೇಕು. ಹಳ್ಳಿಯ ಉಪಕೇಂದ್ರದಲ್ಲಿ ಫ್ರಿಜ್ಜೆಲ್ಲಿ? ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಈ ತೊಡಕನ್ನು ಕೈಗೆತ್ತಿಕೊಂಡರು. ಜಿಲ್ಲೆಯ ಹಳ್ಳಿಗಳ 1,620 ಬಾಣಂತಿಯರಲ್ಲಿ ಅರ್ಧದಷ್ಟು ಜನಕ್ಕೆ ಎಎನ್‌ಎಂ ಸಿಸ್ಟರುಗಳು ಫ್ರಿಜ್ಜು ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಹೋದ ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಅಳತೆ ಗೆರೆಯಿರುವ ಪ್ಲಾಸ್ಟಿಕ್ ಚೀಲದ ಹಾಸನ್ನು ಬಾಣಂತಿಯ ಕೆಳಗೆ ಹಾಸಿ ಅಳೆದರು. 2006ರ ಲ್ಯಾನ್ಸೆಟ್‌ನಲ್ಲಿ ಫಲಿತಾಂಶ ಬಂತು: ಅತಿಯಾದ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು.