ಅಡಕೆಯ ಚೊಗರಿನಲ್ಲಿ ಮಿಂದ ಅಂಗಿ

ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಕೂರುವ ನಮ್ಮ ಮಿತ್ರರೊಬ್ಬರು ಈಚೆಗೆ ಊರಿನಿಂದ ಮರಳಿದಾಗ ಹೊಸ ಅಂಗಿಯೊಂದನ್ನು ತೊಟ್ಟಿದ್ದರು. ಬೇಯಿಸಿ ಒಣಗಿಸಿದ ಕೆಂಪಡಕೆಯದೇ ಅದರ ಬಣ್ಣ. ಬೆಲೆ ಸಾವಿರದ ಇನ್ನೂರು ರೂಪಾಯಿ ಎಂದು ಕೇಳಿ ಸುತ್ತಲಿದ್ದ ಹುಡುಗರು ನಕ್ಕರು. “ಅಷ್ಟಕ್ಕೆ ಫ್ಯಾಷನ್ ಸ್ಟ್ರೀಟಿನಲ್ಲಿ ನಾಲ್ಕು ಅಂಗಿ ಬರ್ತದೆ ಅಣ್ಣಾ” ಎಂದನೊಬ್ಬ. ಮಿತ್ರರು ಸಿಟ್ಟಾಗಲಿಲ್ಲ. “ಇದರ ನೂಲಿಗೆ ಬಣ್ಣ ಹಾಕಿದವಳು ನನ್ನ ಅಕ್ಕನ ಸೊಸೆ ಮಾರಾಯ. ನಿನ್ನ ನಾಲ್ಕು ಅಂಗಿಯ ಕೂಲಿ ಯಾರ ಕೈಗೆ ಹೋಯಿತು, ಹೇಳು ನೋಡುವ” ಎಂದರು. ಹುಡುಗ ಸುಮ್ಮನಾದ. ನಮಗೂ ಉತ್ತರ ತಿಳಿದಿರಲಿಲ್ಲ. ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಭೀಮನಕೋಣೆಯ ಮಗ್ಗಗಳು

ಸಾಗರ ತಾಲೂಕಿನ ಹೆಗ್ಗೋಡಿನ ಹೆಸರನ್ನು ನೀನಾಸಮ್ ನಾಟಕ ಸಂಸ್ಥೆಯ ಮೂಲಕ ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅದರ ಮಗ್ಗುಲಲ್ಲಿಯೇ ಭೀಮನಕೋಣೆ ಎಂಬ ಹಳ್ಳಿಯುಂಟು. ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳುತನದಲ್ಲಿ 1990ರ ದಶಕದಲ್ಲಿ ಇಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘವು ಹುಟ್ಟಿತು. ನೂಲಿಗೆ ಬಣ್ಣ ಹಾಕುವುದು, ನೇಯುವುದು, ಹೊಲಿಯುವುದು ಇವೆಲ್ಲ ಇಲ್ಲಿ ಹೆಚ್ಚಾಗಿ ಹೆಂಗಸರದೇ ಕೆಲಸ. ನೇಯ್ಗೆಯು ಈ ಮನೆಗಳ ಕುಲಕಸುಬಲ್ಲ, ಹೊಸದಾಗಿ ಕಲಿತ ಕಸುಬು. ತೋಟದ ಕೆಲಸವು ವರ್ಷವಿಡೀ ದೊರೆಯದ ಸೀಮೆಯಲ್ಲಿ ಇದು ಎಷ್ಟು ದೊಡ್ಡ ಆಸರೆಯೆಂಬುದನ್ನು, ಕೆಲಸವಿಲ್ಲದೆ ಊರು ಬಿಟ್ಟು ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಬಣ್ಣದ ಬಗೆ

ಮಲೆನಾಡಿನಲ್ಲಿ ಹಸಿ ಅಡಕೆಯನ್ನು ಸುಲಿದು ನೀರಿನಲ್ಲಿ ಬೇಯಿಸುತ್ತಾರೆ. ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸವೇ ಚೊಗರು. ಅಡಕೆಗೆ ಮೆರುಗು ಕೊಡಲು ಬಳಸುವ ಈ ರಸವೇ ಇಲ್ಲಿ ನೂಲಿಗೂ ಬಣ್ಣವಾಯಿತು. ಹತ್ತಿಯ ನೂಲಿನ ಮೇಲೆ ಗಿಡಮೂಲದ ಬಣ್ಣವು ಹಾಗೆಯೇ ನಿಲ್ಲುವುದು ಕಷ್ಟ. ಆದುದರಿಂದ ನೂಲನ್ನು ಮೊದಲು ಚೆನ್ನಾಗಿ ಕುದಿಸಿ ಜಿಡ್ಡು ತೆಗೆದು, ಪಟಿಕದ ನೀರಿನಲ್ಲಿ ಅದ್ದುವುದು ವಾಡಿಕೆ. ಪಟಿಕವು ನೂಲನ್ನೂ ಬಣ್ಣವನ್ನೂ ಬೆಸೆಯುವ ಅಂಟಿನಂತೆ ಕೆಲಸ ಮಾಡುತ್ತದೆ. ತಾಂಬೂಲದಲ್ಲಿ ಸುಣ್ಣ ತಾಕಿದ ಅಡಕೆಯು ಕೆಂಪೇರುವಂತೆ, ಸುಣ್ಣದ ನೀರು ತಗುಲಿದರೆ ಚೊಗರಿನ ಬಣ್ಣವೂ ಕೆಂಪಿಗೆ ತಿರುಗುತ್ತದೆ. ಕಬ್ಬಿಣದ ಅಂಶ ಸೇರಿದರೆ ಅದೇ ಚೊಗರು ಬೂದಿಗಪ್ಪಾಗುತ್ತದೆ. ಅಣಲೆಕಾಯಿಗೆ ಅನ್ನಭೇದಿ ಬೆರೆಸಿ ನಮ್ಮ ಹಿರಿಯರು ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ.

ದಾಳಿಂಬೆಯ ಸಿಪ್ಪೆಯಿಂದ ಹಳದಿ, ಮಂಜಿಷ್ಠದ ಬೇರಿನಿಂದ ಕೆಂಪು, ನೀಲಿ ಗಿಡದ ಎಲೆಯಿಂದ ನೀಲಿ ದೊರೆಯುತ್ತವೆ. ನೀಲಿಯ ತೊಟ್ಟಿಯಿಂದ ಮೇಲೆತ್ತಿದಾಗ ನೂಲು ಹಸುರು ಹಳದಿಯಾಗಿರುತ್ತದೆ; ಗಾಳಿ ತಾಕಿದಂತೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಹಳದಿ ನೂಲನ್ನು ನೀಲಿಯಲ್ಲಿ ಅದ್ದಿದರೆ ಹಸುರು. ಹೀಗೆ ನಾಲ್ಕೈದು ಪದಾರ್ಥಗಳಿಂದ ಹಲವು ಬಣ್ಣಗಳು ಹುಟ್ಟುತ್ತವೆ. ಆದರೆ ಒಂದು ಸಲ ಬಂದ ಬಣ್ಣವು ಇನ್ನೊಂದು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದೆಂಬ ಭರವಸೆಯಿಲ್ಲ.

ಹೊಗಳಿಕೆಯ ಇನ್ನೊಂದು ಮಗ್ಗುಲು

ಗಿಡದ ಬಣ್ಣವೆಂದ ಮಾತ್ರಕ್ಕೆ ಎಲ್ಲವೂ ಪುಣ್ಯದ ಕೆಲಸವೆಂದು ನಾವು ಹೇಳಲಾರೆವು. ಚಂಪಾರಣ್ಯದ ರೈತನು ಇಪ್ಪತ್ತು ಕಠಾ ಭೂಮಿಯಲ್ಲಿ ಮೂರು ಕಠಾ ನೀಲಿಯನ್ನು ಬೆಳೆಯಲೇಬೇಕೆಂಬ ಬಲಾತ್ಕಾರವಿತ್ತು. ಗಾಂಧೀಜಿಯವರು 1917ರಲ್ಲಿ ಅಲ್ಲಿಗೆ ಹೋದದ್ದು ಆ ಅನ್ಯಾಯದ ವಿಚಾರಣೆಗಾಗಿ. ಅದಕ್ಕೂ ಮೊದಲು, 1859ರಲ್ಲಿ, ಬಂಗಾಳದ ರೈತರು ನೀಲಿಯ ತೋಟದೊಡೆಯರ ವಿರುದ್ಧ ದಂಗೆಯೆದ್ದಿದ್ದರು. ಬಣ್ಣವು ಗಿಡದ್ದೇ ಆಗಿದ್ದರೂ ಬೆಳೆದವನಿಗೆ ಅನ್ನ ದೊರೆತಿರಲಿಲ್ಲ. ಕೂಲಿ ನ್ಯಾಯವಾಗಿದೆಯೇ ಎಂಬುದೇ ಮೊದಲ ಪ್ರಶ್ನೆ, ಬಣ್ಣದ ಮೂಲವು ಎರಡನೆಯದು.

ಸಾವಯವ ಹತ್ತಿಯ ಮಾತು ಬೇರೆಯೇ. ರಾಸಾಯನಿಕ ಗೊಬ್ಬರ, ಕೀಟನಾಶಕಗಳಿಲ್ಲದೆ ಬೆಳೆದುದು ಸಾವಯವ ಹತ್ತಿ. ಗಿಡದ ಬಣ್ಣ ಹಾಕಿದ ಬಟ್ಟೆಯೆಲ್ಲವೂ ಸಾವಯವವಲ್ಲ. ಸಾವಯವ ಹತ್ತಿಯ ಬಟ್ಟೆಗೆಲ್ಲ ಗಿಡದ ಬಣ್ಣವೂ ಇರುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿಯಬೇಕು. ಕೈಮಗ್ಗದ ಬಟ್ಟೆಗೆ 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಗುರುತು ಇದೆ. ಯಾವ ಗಿಡದ ಬಣ್ಣ, ಯಾವುದರಿಂದ ಬೆಸೆದದ್ದು ಎಂದೂ ವಿಚಾರಿಸಿರಿ. ಬಲ್ಲ ಅಂಗಡಿಯವರು ಸಂಕೋಚವಿಲ್ಲದೆ ಹೇಳುತ್ತಾರೆ.

ಬೆಲೆಯ ಲೆಕ್ಕ

ಒಂದು ತುಂಬುತೋಳಿನ ಅಂಗಿಗೆ ಎರಡೂಕಾಲು ಮೀಟರಿನಷ್ಟು ಬಟ್ಟೆ ಬೇಕು. ಲಡಿ ತೊಳೆಯುವವರು, ಬಣ್ಣ ಹಾಕುವವರು, ನೆರಳಿನಲ್ಲಿ ಒಣಗಿಸುವವರು, ನೂಲು ಸುತ್ತುವವರು, ಹಾಸು ಹೂಡುವವರು, ನೇಯುವವರು, ಹೊಲಿಯುವವರು ಹೀಗೆ ಏಳೆಂಟು ಜನರ ಕೈ ದಾಟಿ ಅದು ನಮ್ಮ ಮೈಮೇಲೆ ಬರುತ್ತದೆ. ಯಂತ್ರದ ಅಂಗಿಯೊಡನೆ ಬೆಲೆಯಲ್ಲಿ ಅದು ಸ್ಪರ್ಧಿಸಲಾರದು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಜಾರಿಗೆ ಬಂದಾಗ, ಕೈಯಿಂದ ಮಾಡಿದ ವಸ್ತುಗಳ ಮೇಲೆ ತೆರಿಗೆಯೇ ಬೇಡವೆಂದು ಪ್ರಸನ್ನರು ಬೆಂಗಳೂರಿನಲ್ಲಿ ಉಪವಾಸ ಕುಳಿತದ್ದು ಈ ಕಾರಣಕ್ಕೇ. 2020ರಲ್ಲಿ ಕೊರೊನಾ ಪಿಡುಗಿನಿಂದ ವ್ಯಾಪಾರ ನಿಂತಾಗ ‘ಚರಕ’ವೇ ಹಣದ ತೀವ್ರ ಮುಗ್ಗಟ್ಟಿಗೆ ಸಿಲುಕಿತ್ತು. 2019-20ರ ಗಣತಿಯಂತೆ ದೇಶದಲ್ಲಿ ಕೈಮಗ್ಗವನ್ನು ನಂಬಿದವರು ಸುಮಾರು 35 ಲಕ್ಷ. ಹತ್ತರಲ್ಲಿ ಏಳು ಮಂದಿ ಹೆಂಗಸರು.

ಬಟ್ಟೆಯ ದುಡಿಮೆ ಕೆಟ್ಟರೆ ಏನಾಗುವುದೆಂಬುದನ್ನು ಮುಂಬಯಿಯವರಾದ ನಾವು ಬಲ್ಲೆವು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ತರುವಾಯ ಪರೇಲ್, ಲಾಲ್‌ಬಾಗಿನ ಎಷ್ಟೋ ಒಲೆಗಳು ಆರಿದವು. ಕಾರ್ಮಿಕರು ಚಹಾ ಕುಡಿಯುತ್ತಿದ್ದ ಹೋಟೆಲುಗಳ ವ್ಯಾಪಾರವೂ ಅದರೊಡನೆ ಕುಗ್ಗಿತು.

ಹಾಗೆಂದು ತಿಂಗಳ ಸಂಬಳದಲ್ಲಿ ಊರಿಗೆ ಹಣ ಕಳುಹಿಸಿ ಉಳಿದುದರಲ್ಲಿ ದಿನ ದೂಡುವ ಬಾಂಧವರಿಗೆ ಎಲ್ಲ ಅಂಗಿಗಳನ್ನೂ ಕೈಮಗ್ಗದ್ದೇ ಕೊಳ್ಳಿರೆಂದು ಹೇಳುವ ಧೈರ್ಯ ನಮಗಿಲ್ಲ. ಅಡಿಗೆಮನೆಯ ಎಣ್ಣೆ, ಹೊಗೆಯ ನಡುವೆ ಇದು ತೊಡುವ ಬಟ್ಟೆಯೂ ಅಲ್ಲ. ಲಿಂಬೆಯ ರಸ ಬಿದ್ದರೆ ಕಬ್ಬಿಣಗಪ್ಪು ಮಾಸುತ್ತದೆ. ರಜೆಯ ದಿನಕ್ಕೆ, ಹಬ್ಬಕ್ಕೆ, ಕಚೇರಿಗೆ ತಕ್ಕದ್ದು. ಮೊದಲೆರಡು ಸಲ ಬೇರೆಯಾಗಿ ಒಗೆಯಿರಿ. ಅಂಟುವಾಳ ಅಥವಾ ಮೆದು ಸಾಬೂನು ಸಾಕು, ಬ್ಲೀಚಿಂಗ್ ಪುಡಿ ಸರ್ವಥಾ ಬೇಡ. ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿರಿ.

ನಮ್ಮ ಮಿತ್ರರು ದೀಪಾವಳಿಗೆ ಪ್ರತಿವರ್ಷ ಮೂರು ಅಂಗಿ ಕೊಳ್ಳುತ್ತಿದ್ದರಂತೆ. ಈ ಬಾರಿ ಒಂದೇ ಕೊಂಡರು. “ಸಾಕಲ್ಲ, ಮೈ ಒಂದೇ ಅಲ್ಲವೇ?” ಎಂಬುದು ಅವರ ಲೆಕ್ಕ. ಇದು ಎಲ್ಲರಿಗೂ ಒಪ್ಪಬೇಕೆಂದಿಲ್ಲ. ಆದರೆ ಊರಿನಲ್ಲಿ ಒಬ್ಬಳು ಮಗಳಿಗೆ ಕೆಲಸ ಉಳಿದರೆ, ಅವಳ ತಮ್ಮನಾದರೂ ಹದಿನೈದರ ಪ್ರಾಯದಲ್ಲಿ ಮುಂಬಯಿಯ ಬಸ್ಸು ಹತ್ತದೆ ಶಾಲೆಯಲ್ಲಿ ಉಳಿದಾನು. ಹಾಗೆ ಬಸ್ಸು ಹತ್ತಿ ಬಂದವರು ನಮ್ಮಲ್ಲಿ ಎಷ್ಟು ಮಂದಿಯೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.