ನಿಮಗಿದು ಗೊತ್ತೆ? ರೋಗವೇ ಇಲ್ಲದೆಯೂ ಕೋಳಿಮರಿ ಸೊರಗುತ್ತದೆ!

ಬ್ಯಾಕ್ಟೀರಿಯಾದ ನಿರ್ಜೀವ ಹೊರಕವಚದ ಅಂಶವನ್ನು ಚುಚ್ಚಿದರೂ ಸಾಕು, ಕೋಳಿಮರಿಯ ಬೆಳವಣಿಗೆ ಕುಂಠಿತವಾಗುತ್ತದೆ. ಅಲ್ಲಿ ಸೋಂಕಿಲ್ಲ, ಜೀವಂತ ರೋಗಾಣುವೂ ಇಲ್ಲ. ಮರಿಯ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತದ್ದೇ ಕಾರಣ. ಮರಿ ಕಡಿಮೆ ತಿಂದಿತು, ಹಾಗಾಗಿ ತೂಕ ಏರಲಿಲ್ಲ ಎನ್ನಬಹುದು. ಇದು ಬಹುಪಾಲು ನಿಜ, ಪೂರ್ತಿ ನಿಜವಲ್ಲ. ಅಷ್ಟೇ ಅಳತೆಯ ಆಹಾರ ಕೊಟ್ಟ ಆರೋಗ್ಯವಂತ ಮರಿ ಇದಕ್ಕಿಂತ ಹೆಚ್ಚು ಬೆಳೆಯುತ್ತದೆ. ರಕ್ಷಣಾ ಕೋಶಗಳು ಹೊರಡಿಸುವ ಇಂಟರ್‌ಲ್ಯೂಕಿನ್-1ನಂಥ ಸಂದೇಶವಾಹಕಗಳು ಹಸಿವನ್ನು ಅಡಗಿಸುತ್ತವೆ. ಜೊತೆಗೆ ಸ್ನಾಯುವಿನ ಪ್ರೋಟೀನನ್ನು ಕರಗಿಸಿ, ಅದರ ಅಮೈನೋ ಆಮ್ಲಗಳನ್ನು ಯಕೃತ್ತಿನತ್ತ ತಿರುಗಿಸುತ್ತವೆ. ಅಲ್ಲಿ ಅವು ರಕ್ಷಣೆಗೆ ಬೇಕಾದ ಪ್ರೋಟೀನುಗಳಾಗುತ್ತವೆ, ಮಾಂಸವಾಗುವುದಿಲ್ಲ.

ಹಾಗಾದರೆ ಆಹಾರದಲ್ಲಿ ಪ್ರೋಟೀನ್ ಹೆಚ್ಚಿಸಿದರಾಯಿತಲ್ಲ ಎಂಬ ಪ್ರಶ್ನೆ ಸಹಜ. ಆದರೆ 1988ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ವಿರುದ್ಧವಾದುದನ್ನೇ ತೋರಿಸಿತು. ರೋಗನಿರೋಧಕ ವ್ಯವಸ್ಥೆ ಹೀಗೆ ಎಚ್ಚೆತ್ತಿರುವ ಮರಿಗೆ ಅಮೈನೋ ಆಮ್ಲಗಳಾದ ಲೈಸಿನ್, ಮೆಥಿಯೋನಿನ್‌ಗಳ ಅಗತ್ಯ ಹೆಚ್ಚುವುದಿಲ್ಲ, ಕುಗ್ಗುತ್ತದೆ. ಬೆಳವಣಿಗೆಯೇ ನಿಧಾನವಾದಾಗ ಅದಕ್ಕೆ ಬೇಕಾದ ಸಾಮಗ್ರಿಯೂ ಕಡಿಮೆ ಸಾಕು. ಹೆಚ್ಚುವರಿ ಪ್ರೋಟೀನ್ ವ್ಯರ್ಥವಾಗಿ ಹಿಕ್ಕೆಗೆ ಸೇರುತ್ತದೆ. ಆದ್ದರಿಂದ ಮರಿಯ ರೋಗನಿರೋಧಕ ವ್ಯವಸ್ಥೆ ಪದೇ ಪದೇ ಎಚ್ಚೆತ್ತುಕೊಳ್ಳದಂತೆ ಕೋಳಿ ಸಾಕುವವರು ದುಬಾರಿ ಆಹಾರಕ್ಕಿಂತ ಮೊದಲು ಒಣ ಹಾಸು, ಶುದ್ಧ ನೀರು, ಗಾಳಿಯಾಡುವ ಶೆಡ್ಡಿಗೆ ಹಣ ಹಾಕಬೇಕು.