ಒಂದು ದ್ವೀಪ, ಒಂದು ಹೋಟೆಲ್, ಇಬ್ಬರು

ಮಾಲ್ಡೀವ್ಸ್‌ನ ಐಷಾರಾಮಿ ರೆಸಾರ್ಟ್‌ಗಳು ಜೋಡಿಗಳಿಗೆ ಮಾರುವುದು ಏಕಾಂತವನ್ನು. ಅದಕ್ಕೇಕೆ ಅಷ್ಟು ದುಡ್ಡು? ಕೊಟ್ಟ ದುಡ್ಡಿಗೆ ತಕ್ಕದ್ದನ್ನು ಪಡೆಯುವುದು ಹೇಗೆ?

ಮಾಲ್ಡೀವ್ಸ್‌ನ ವೆಲಾನಾ ವಿಮಾನ ನಿಲ್ದಾಣ ಇರುವುದೇ ಒಂದು ದ್ವೀಪದ ಮೇಲೆ. ಲಗೇಜು ಎಳೆದುಕೊಂಡು ಹೊರಬಂದರೆ ಸಾಲಾಗಿ ರೆಸಾರ್ಟ್‌ಗಳ ಕೌಂಟರ್‌ಗಳು, ಅವುಗಳಾಚೆ ಸ್ಪೀಡ್‌ಬೋಟ್‌ಗಳನ್ನು ಕಟ್ಟಿಹಾಕಿದ ಜೆಟ್ಟಿ. ಬೆಂಗಳೂರಿನಿಂದ ನೇರ ವಿಮಾನ ಹಿಡಿದರೆ ಸುಮಾರು ಎರಡು ಗಂಟೆಯ ದಾರಿ. ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಕೊಂಡರಾಯಿತು. ಮುಂಚಿತವಾಗಿ ವೀಸಾ ಮಾಡಿಸುವ ತಲೆನೋವೂ ಇಲ್ಲ. ಹೊಸದಾಗಿ ಮದುವೆಯಾದವರೋ, ಮಕ್ಕಳನ್ನು ಅಜ್ಜಿಮನೆಯಲ್ಲಿ ಬಿಟ್ಟು ಬಂದವರೋ, ಬೆಳ್ಳಿಹಬ್ಬ ಆಚರಿಸುವ ದಂಪತಿಯೋ, ಯಾರೇ ಆಗಲಿ ‘ಬಂದೇಬಿಟ್ಟೆವು’ ಅಂದುಕೊಳ್ಳುವುದು ಇಲ್ಲಿಯೇ. ಆದರೆ ಹೋಟೆಲ್ ಇನ್ನೂ ದೂರವಿದೆ. ಅಲ್ಲಿಗೆ ಒಯ್ಯುವ ದೋಣಿಗೋ ಸೀಪ್ಲೇನ್‌ಗೋ ಕೆಲವೊಮ್ಮೆ ಬೆಂಗಳೂರಿನ ಟಿಕೆಟ್‌ಗಿಂತ ಹೆಚ್ಚು ತೆರಬೇಕಾಗುತ್ತದೆ.

ಇದಕ್ಕೆ ಕಾರಣ ಭೂಗೋಳದಲ್ಲೇ ಇದೆ. ಉತ್ತರದಿಂದ ದಕ್ಷಿಣಕ್ಕೆ 800 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಚೆಲ್ಲಿರುವ, ಸುಮಾರು 1,200 ಹವಳ ದ್ವೀಪಗಳ ದೇಶವಿದು. ಎಲ್ಲವುಗಳ ನೆಲವನ್ನು ಕೂಡಿಸಿದರೂ 300 ಚದರ ಕಿ.ಮೀ. ಆಸುಪಾಸು, ಅಂದರೆ ಬೆಂಗಳೂರು ನಗರದ ಅರ್ಧಕ್ಕೂ ಕಡಿಮೆ. ಜನವಸತಿ ಇರುವ ದ್ವೀಪಗಳು ಇನ್ನೂರರೊಳಗೆ. ಉಳಿದವುಗಳಲ್ಲಿ ತೆಂಗು, ಪೊದೆ, ಬಿಳಿ ಮರಳು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಖಾಲಿತನವೇ ಮುಂದೆ ಬಂಡವಾಳವಾಯಿತು.

ಏಕಾಂತವೇ ಸರ್ಕಾರಿ ನೀತಿ

1960ರ ದಶಕದಲ್ಲಿ ಇಲ್ಲಿಗೆ ಬಂದಿದ್ದ ವಿಶ್ವಸಂಸ್ಥೆಯ ತಜ್ಞರು ಈ ದ್ವೀಪಗಳು ಪ್ರವಾಸೋದ್ಯಮಕ್ಕೆ ಒಗ್ಗುವುದಿಲ್ಲ ಎಂದಿದ್ದರು. ಬ್ಯಾಂಕಿಲ್ಲ, ಸರಿಯಾದ ವಿಮಾನ ನಿಲ್ದಾಣವಿಲ್ಲ, ಹೊರಜಗತ್ತಿನೊಂದಿಗೆ ದೂರವಾಣಿ ಸಂಪರ್ಕವಿಲ್ಲ ಎಂಬಂತಿದ್ದ ಕಾಲ ಅದು. 1972ರಲ್ಲಿ ಜಾರ್ಜ್ ಕಾರ್ಬಿನ್ ಎಂಬ ಇಟಲಿಯ ಪ್ರವಾಸ ಏಜೆಂಟ್ ತನ್ನ ದೇಶದ ಒಂದು ತಂಡವನ್ನು ರಾಜಧಾನಿ ಮಾಲೆಗೆ ಕರೆತಂದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಾಲೆಯ ಹತ್ತಿರದ ಒಂದು ದ್ವೀಪದಲ್ಲಿ ಕುರುಂಬಾ ರೆಸಾರ್ಟ್ ತೆರೆಯಿತು: 30 ಕೋಣೆ, ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು. ಕುರುಂಬಾ ಇಂದಿಗೂ ನಡೆಯುತ್ತಿದೆ. ದೇಶಕ್ಕೆ ಬರುವವರ ಸಂಖ್ಯೆ 2024ರಲ್ಲಿ 20 ಲಕ್ಷ ದಾಟಿತು.

ಈ ಬೆಳವಣಿಗೆಗೆ ಅಡಿಪಾಯ ‘ಒಂದು ದ್ವೀಪ, ಒಂದು ರೆಸಾರ್ಟ್’ ಎಂಬ ಪದ್ಧತಿ. ಜನವಸತಿ ಇಲ್ಲದ ಇಡೀ ದ್ವೀಪವನ್ನು ಸರ್ಕಾರ ಒಬ್ಬರಿಗೆ ಗುತ್ತಿಗೆಗೆ ಕೊಡುತ್ತದೆ. ಪ್ರವಾಸಿಗೆ ಇದು ಏಕಾಂತ. ಸರ್ಕಾರಕ್ಕೆ ಇದು ಬೇಲಿ. ಮಾಲ್ಡೀವ್ಸ್ ಮುಸ್ಲಿಂ ದೇಶ. ಊರಿನ ದ್ವೀಪಗಳಲ್ಲಿ ಮದ್ಯ ನಿಷಿದ್ಧ, ಈಜುಡುಗೆಯಲ್ಲಿ ಓಡಾಡುವಂತಿಲ್ಲ. ರೆಸಾರ್ಟ್ ದ್ವೀಪದಲ್ಲಿ ಎರಡಕ್ಕೂ ಅಡ್ಡಿಯಿಲ್ಲ. ಅಂದರೆ ಮಧುಚಂದ್ರಕ್ಕೆ ಬಂದವರು ಕಾಣುವ ನಿರ್ಜನ ತೀರ ಪ್ರಕೃತಿಯ ಕೊಡುಗೆ ಎಷ್ಟೋ, ಆಡಳಿತದ ತೀರ್ಮಾನವೂ ಅಷ್ಟೇ.

ಏಕಾಂತ ಅಗ್ಗದ್ದಲ್ಲ. ಪ್ರತಿಯೊಂದು ರೆಸಾರ್ಟ್ ಕೂಡ ತನ್ನದೇ ಆದ ಒಂದು ಪುಟ್ಟ ಪುರಸಭೆ ನಡೆಸಬೇಕು. ವಿದ್ಯುತ್ತಿಗೆ ಜನರೇಟರ್, ಸಮುದ್ರದ ಉಪ್ಪು ನೀರನ್ನು ಸಿಹಿನೀರು ಮಾಡುವ ಘಟಕ, ಕೊಳಚೆ ಶುದ್ಧೀಕರಣ, ಕಸ ವಿಲೇವಾರಿ, ಸಿಬ್ಬಂದಿಗೆ ವಸತಿ, ಅವರಿಗೊಂದು ಮಸೀದಿ. ದುಬಾರಿ ರೆಸಾರ್ಟ್‌ಗಳಲ್ಲಿ ಅತಿಥಿಗಳಿಗಿಂತ ಕೆಲಸಗಾರರೇ ಹೆಚ್ಚು. ಮಾಲ್ಡೀವ್ಸ್‌ನವರ ಜೊತೆ ಬಾಂಗ್ಲಾದೇಶ, ಶ್ರೀಲಂಕಾ, ಭಾರತ, ಫಿಲಿಪ್ಪೀನ್ಸ್‌ನವರೂ ಇರುತ್ತಾರೆ. ಇಬ್ಬರೇ ಇದ್ದೇವೆ ಎಂಬ ಭಾವ ನಮ್ಮಲ್ಲಿ ಮೂಡಲು ಪೊದೆಯಾಚೆ ನೂರಾರು ಮಂದಿ ದುಡಿಯುತ್ತಿರುತ್ತಾರೆ.

ನೀರಿನ ಮೇಲೋ, ಮರಳಿನ ಮೇಲೋ

ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ವಿಲ್ಲಾ ಮಾಲ್ಡೀವ್ಸ್‌ನ ಗುರುತೇ ಆಗಿಬಿಟ್ಟಿದೆ. ಆದರೆ ಹೋಟೆಲ್ ಕೋಣೆಯಾಗಿ ಅದು ಮೊದಲು ಕಾಣಿಸಿಕೊಂಡದ್ದು 1967ರಲ್ಲಿ, ದೂರದ ಪೆಸಿಫಿಕ್‌ನ ಫ್ರೆಂಚ್ ಪಾಲಿನೇಷ್ಯಾದಲ್ಲಿ. ಮಾಲ್ಡೀವ್ಸ್‌ಗೆ ಅದು ಹೇಳಿ ಮಾಡಿಸಿದ ಉಪಾಯವಾಯಿತು. ದ್ವೀಪದ ನೆಲ ಅಂಗೈಯಗಲ, ಸುತ್ತಲಿನ ಹವಳದ ದಿಬ್ಬದೊಳಗಿನ ತಿಳಿನೀರು ಮಾತ್ರ ವಿಶಾಲ. ಕಾಲುಸೇತುವೆ ಎಳೆದು ನೀರಿನ ಮೇಲೆ ಕಟ್ಟಿದರೆ ನೆಲ ಉಳಿಯುತ್ತದೆ, ಕೋಣೆಗಳೂ ಹೆಚ್ಚುತ್ತವೆ.

ಹಾಸಿಗೆಯಿಂದ ಎದ್ದು ಮೆಟ್ಟಿಲಿಳಿದರೆ ಸಮುದ್ರ ಎಂಬ ಸುಖ ನೀರಿನ ವಿಲ್ಲಾದ್ದು. ಆದರೆ ಅಲ್ಲಿ ನೆರಳಿಲ್ಲ, ಗಾಳಿ ಜೋರಿದ್ದಾಗ ಅಲೆಗಳ ಬಡಿತ ರಾತ್ರಿಯಿಡೀ ಕೇಳುತ್ತದೆ, ಊಟಕ್ಕೆಂದು ಉದ್ದದ ಸೇತುವೆ ದಾಟಬೇಕು. ಮರಳಿನ ಮೇಲಿನ ವಿಲ್ಲಾದಲ್ಲಿ ಮರಗಳ ಮರೆ ಇರುತ್ತದೆ, ದರವೂ ಅನೇಕ ಕಡೆ ಕಡಿಮೆ. ನಾಲ್ಕು ರಾತ್ರಿ ಇರುವವರು ಎರಡು ಮರಳಿನ ಮೇಲೆ, ಎರಡು ನೀರಿನ ಮೇಲೆ ಎಂದು ಹಂಚಿಕೊಳ್ಳುವುದು ಜಾಣತನ. ಬಹಳಷ್ಟು ರೆಸಾರ್ಟ್‌ಗಳು ಇದಕ್ಕೆ ಒಪ್ಪುತ್ತವೆ.

ಕೋಣೆಗಿಂತ ಮೊದಲು ಕೇಳಬೇಕಾದ್ದು ಹವಳದ ದಿಬ್ಬದ ವಿಷಯ. ದಡದಿಂದಲೇ ಈಜಿ ತಲುಪಬಹುದಾದ ದಿಬ್ಬ ಇದ್ದರೆ ದೋಣಿಯ ಖರ್ಚಿಲ್ಲದೆ ದಿನವೂ ಸ್ನಾರ್ಕೆಲ್ ಹಾಕಿಕೊಂಡು ಗಿಳಿಮೀನು, ಆಮೆ, ನಿರುಪದ್ರವಿ ಮರಿಶಾರ್ಕ್‌ಗಳನ್ನು ನೋಡಬಹುದು. ಇನ್ನು ಕೆಲವೆಡೆ ಮರಳು ಸುಂದರ, ನೀರೊಳಗೆ ಮಾತ್ರ ಬಣ್ಣವಿಲ್ಲ. 1998 ಮತ್ತು 2016ರಲ್ಲಿ ಸಮುದ್ರ ಕಾದು ಇಲ್ಲಿನ ಹವಳಗಳು ಬೆಳ್ಳಗಾಗಿ ಸತ್ತವು. ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಚೇತರಿಸಿಕೊಂಡಿಲ್ಲ.

ದೂರದ ಹವಳ ದ್ವೀಪಗಳಿಗೆ ಒಯ್ಯುವುದು ಟ್ವಿನ್ ಆಟರ್ ಎಂಬ ಪುಟ್ಟ ಸೀಪ್ಲೇನ್. ಹದಿನೈದರ ಆಸುಪಾಸು ಮಂದಿ ಹಿಡಿಸುವ ಈ ವಿಮಾನದ ಪೈಲಟ್‌ಗಳು ಬರಿಗಾಲಲ್ಲೇ ಹಾರಿಸುವುದುಂಟು. ಮೇಲಿನಿಂದ ಕಾಣುವ ನೀಲಿ-ಹಸಿರು ಬಳೆಗಳ ನೋಟಕ್ಕೆ ಕೊಟ್ಟ ದುಡ್ಡು ಸಾರ್ಥಕ. ಆದರೆ ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ಬೆಂಗಳೂರಿನ ವಿಮಾನ ಮಧ್ಯಾಹ್ನ ತಡವಾಗಿ ಇಳಿದರೆ ಆ ರಾತ್ರಿ ಮಾಲೆಯ ಬಳಿಯೇ ಕಳೆಯಬೇಕು. ಚೆಕ್-ಇನ್ ಲಗೇಜಿಗೆ 20 ಕಿಲೋ ಮಿತಿ. ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಮದ್ಯದ ಬಾಟಲಿಯನ್ನು ತಂದರೆ ಕಸ್ಟಮ್ಸ್‌ನವರು ಇಟ್ಟುಕೊಂಡು, ವಾಪಸ್ ಹೊರಟಾಗ ಕೊಡುತ್ತಾರೆ.

ಉಪ್ಪಿನಿಂದ ಕರ್ಪೂರದವರೆಗೆ

ಹವಳದ ಮರಳಿನಲ್ಲಿ ಭತ್ತ ಬೆಳೆಯದು, ಈರುಳ್ಳಿ ಬೆಳೆಯದು. ಮೀನು ಮತ್ತು ತೆಂಗು ಬಿಟ್ಟರೆ ಉಪ್ಪಿನಿಂದ ಕರ್ಪೂರದವರೆಗೆ ಬಹುತೇಕ ಎಲ್ಲವೂ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಬೇಳೆ, ಆಲೂಗಡ್ಡೆ, ಈರುಳ್ಳಿ, ಮೊಟ್ಟೆಗಳನ್ನು 1981ರ ವ್ಯಾಪಾರ ಒಪ್ಪಂದದಡಿ ಭಾರತ ವಿಶೇಷ ಕೋಟಾದಲ್ಲಿ ಕಳಿಸುತ್ತ ಬಂದಿದೆ. ರೆಸಾರ್ಟ್‌ನ ಮೆನುವಿನಲ್ಲಿ ಒಂದು ಸಲಾಡ್ ನೋಡಿ ಹೌಹಾರುವ ಮೊದಲು ಆ ಎಲೆ ಎಷ್ಟು ನೀರು ದಾಟಿ ಬಂತೆಂದು ನೆನೆಯಬೇಕು.

ಈ ಕಷ್ಟದ ನಡುವೆಯೇ ಇಲ್ಲಿನ ಭೋಜನ ಒಂದು ಪ್ರದರ್ಶನವಾಗಿ ಬೆಳೆದಿದೆ. ಕಾನ್ರಾಡ್ ರಂಗಾಲಿ ದ್ವೀಪದ ‘ಇಥಾ’ 2005ರಲ್ಲಿ ತೆರೆದಾಗ ಜಗತ್ತು ಬೆರಗಾಗಿತ್ತು. ಸಮುದ್ರಮಟ್ಟಕ್ಕಿಂತ 5 ಮೀಟರ್ ಕೆಳಗೆ, ಸುತ್ತಲೂ ಪಾರದರ್ಶಕ ಅಕ್ರಿಲಿಕ್ ಕಮಾನು, ಕೇವಲ 14 ಮಂದಿಗೆ ಜಾಗ. ಸಿಂಗಪುರದಲ್ಲಿ ಕಟ್ಟಿ, ಹಡಗಿನಲ್ಲಿ ತಂದು, ಇಲ್ಲಿ ಮುಳುಗಿಸಿದ ಊಟದ ಮನೆ ಅದು. 2018ರಲ್ಲಿ ಅದೇ ರೆಸಾರ್ಟ್ ‘ಮುರಾಕಾ’ ಎಂಬ ವಿಲ್ಲಾ ತೆರೆದು ಮಲಗುವ ಕೋಣೆಯನ್ನೂ ನೀರೊಳಗೆ ಇಳಿಸಿತು. ಹುರಾವಲಿ ದ್ವೀಪದ ನೀರೊಳಗಿನ ರೆಸ್ಟೋರೆಂಟ್‌ಗೆ ಅದರ ಆಳವೇ ಹೆಸರು: 5.8. ಇಂಥಲ್ಲಿ ಮಧ್ಯಾಹ್ನದ ಊಟ ಬುಕ್ ಮಾಡುವುದು ಲೇಸು. ಬೆಳಕು ನೀರಿನಾಳಕ್ಕೆ ಇಳಿದು ಮೀನು, ಹವಳ ಸ್ಪಷ್ಟವಾಗಿ ಕಾಣುತ್ತವೆ, ದರವೂ ರಾತ್ರಿಗಿಂತ ಕಡಿಮೆ ಇರುವುದುಂಟು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು ಸೋನು ಶಿವದಾಸಾನಿ ಮತ್ತು ಈವಾ ದಂಪತಿ. 1995ರಲ್ಲಿ ಬಾ ಅಟಾಲ್ ಎಂಬ ಹವಳದ್ವೀಪಗಳ ಗುಂಪಿನಲ್ಲಿ ಅವರು ತೆರೆದ ಸೊನೇವಾ ಫುಶಿಯಲ್ಲಿ ಬಂದವರ ಚಪ್ಪಲಿಯನ್ನು ಮೊದಲೇ ಚೀಲಕ್ಕೆ ಹಾಕಿಸುತ್ತಾರೆ. ಮರಳ ನೆಲ, ಒರಟು ಮರ, ತಮ್ಮದೇ ತೋಟದ ಸೊಪ್ಪು. ವೈಭವಕ್ಕೆ ಅಮೃತಶಿಲೆ ಬೇಕಿಲ್ಲವೆಂದು ಅವರು ತೋರಿಸಿದರು. 2008ರಲ್ಲೇ ಹೊರಗಿನ ಬಾಟಲಿ ನೀರನ್ನು ನಿಲ್ಲಿಸಿ, ಅಲ್ಲಿಯೇ ಶುದ್ಧೀಕರಿಸಿದ ನೀರನ್ನು ಗಾಜಿನ ಬಾಟಲಿಯಲ್ಲಿ ಕೊಡತೊಡಗಿದರು. ಇಂದು ಬಹಳಷ್ಟು ರೆಸಾರ್ಟ್‌ಗಳು ಇದೇ ಹಾದಿಯಲ್ಲಿವೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ದೊಡ್ಡ ಅಡುಗೆಮನೆಗಳಲ್ಲಿ ಭಾರತೀಯ ಬಾಣಸಿಗರು ಸಿಗುತ್ತಾರೆ. ಈರುಳ್ಳಿ-ಬೆಳ್ಳುಳ್ಳಿ ಬೇಡವೆಂದರೂ ಮುಂಚೆಯೇ ಬರೆದು ತಿಳಿಸಿದರೆ ನಡೆಯುತ್ತದೆ. ಎಚ್ಚರ ಬೇಕಾದ್ದು ಸ್ಥಳೀಯ ತಿನಿಸುಗಳ ವಿಷಯದಲ್ಲಿ. ನೋಡಲು ತರಕಾರಿಯಂತಿದ್ದರೂ ಅದರೊಳಗೆ ಒಣಮೀನಿನ ಪುಡಿ ಇರುವ ಸಂಭವ ಹೆಚ್ಚು.

ಬಿಲ್ ಓದುವ ಬಗೆ

ಜಾಹೀರಾತಿನಲ್ಲಿ ರಾತ್ರಿಗೆ 500 ಡಾಲರ್ ಎಂದಿದ್ದು ಪಕ್ಕದಲ್ಲಿ ಎರಡು ಪ್ಲಸ್ ಚಿಹ್ನೆ ಇದ್ದರೆ ಅದನ್ನು ಪೂರ್ತಿ ದರವೆಂದು ತಿಳಿಯಬಾರದು. ಅದಕ್ಕೆ ಶೇ 10 ಸೇವಾ ಶುಲ್ಕ ಸೇರಿ 550 ಆಗುತ್ತದೆ. ಅದರ ಮೇಲೆ 2025ರ ಜುಲೈನಿಂದ ಶೇ 17ಕ್ಕೆ ಏರಿದ ಪ್ರವಾಸೋದ್ಯಮ ಜಿಎಸ್‌ಟಿ, ಅಲ್ಲಿಗೆ 643.50. ರೆಸಾರ್ಟ್‌ಗಳಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ, ಇಬ್ಬರಿಗೆ 24. ಒಟ್ಟು 667.50 ಡಾಲರ್, ಇನ್ನೂ ಊಟ ಮಾಡಿಲ್ಲ, ಸೀಪ್ಲೇನ್ ಹತ್ತಿಲ್ಲ.

ದ್ವೀಪದಲ್ಲಿ ಇನ್ನೊಂದು ಹೋಟೆಲ್ ಇರುವುದಿಲ್ಲ, ರಸ್ತೆಬದಿಯ ದರ್ಶಿನಿಯೂ ಇಲ್ಲ. ಆದ್ದರಿಂದ ಬೆಳಗಿನ ತಿಂಡಿ ಮಾತ್ರದ ದರ ಕಡಿಮೆ ಕಂಡರೂ ಕೊನೆಗೆ ಕಿಸೆಗೆ ಕತ್ತರಿ. ಮದ್ಯ ಸೇವಿಸದವರಿಗೆ ಎರಡು ಹೊತ್ತಿನ ಊಟ ಸೇರಿದ ಹಾಫ್ ಬೋರ್ಡ್ ಹಿತ. ಸಂಜೆ ಎರಡೆರಡು ಕಾಕ್‌ಟೇಲ್ ಬೇಕೆನ್ನುವವರಿಗೆ ಆಲ್ ಇನ್‌ಕ್ಲೂಸಿವ್ ಲಾಭ. ಯಾವ ರೆಸ್ಟೋರೆಂಟ್‌ಗಳು ಪ್ಯಾಕೇಜಿನ ಹೊರಗಿವೆ ಎಂಬುದನ್ನು ಬುಕಿಂಗ್‌ಗೆ ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು.

ಕಾಲವನ್ನೂ ಲೆಕ್ಕ ಹಾಕಬಹುದು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ, ದರವೂ ಏರು. ಮೇ ನಂತರ ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತ ಇಲ್ಲೂ ಬೀಸುತ್ತದೆ, ದರ ಇಳಿಯುತ್ತದೆ. ಆ ಮಾರುತವೇ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಪ್ಲಾಂಕ್ಟನ್ ತುಂಬಿಸಿ, ಅದನ್ನು ತಿನ್ನಲು ಮಾಂಟಾ ರೇ ಮೀನುಗಳ ಹಿಂಡನ್ನೇ ಕರೆತರುತ್ತದೆ. ಯುನೆಸ್ಕೊ 2011ರಲ್ಲಿ ಈ ಅಟಾಲ್ ಅನ್ನು ಜೀವಗೋಳ ಮೀಸಲು ಎಂದು ಘೋಷಿಸಿದೆ. ಕೊಲ್ಲಿಯಲ್ಲಿ ಸ್ಕೂಬಾಕ್ಕೆ ಅವಕಾಶವಿಲ್ಲ, ಸ್ನಾರ್ಕೆಲ್ ಸಾಕು.

ಮೊದಲು ಊರು, ಆಮೇಲೆ ರೆಸಾರ್ಟ್

2009ರ ನಂತರ ಸರ್ಕಾರ ಜನರಿರುವ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಬಾಗಿಲು ತೆರೆಯಿತು. ಮಾಫುಶಿಯಂಥ ದ್ವೀಪಗಳಲ್ಲಿ ಇಂದು ಗೆಸ್ಟ್‌ಹೌಸ್‌ಗಳ ಸಾಲೇ ಇದೆ. ಈಜುಡುಗೆಗೆ ಬೇರೆಯೇ ಆದ ‘ಬಿಕಿನಿ ಬೀಚ್’, ಊರೊಳಗೆ ಮೈತುಂಬ ಬಟ್ಟೆ, ಮದ್ಯ ಇಲ್ಲ. ರೆಸಾರ್ಟ್‌ನ ಒಂದು ರಾತ್ರಿಯ ದುಡ್ಡಿನಲ್ಲಿ ಇಲ್ಲಿ ಹಲವು ದಿನ ಕಳೆಯಬಹುದು.

ಮಾಲ್ಡೀವ್ಸ್‌ನ ನಿಜವಾದ ಊಟ ಇರುವುದೂ ಇಲ್ಲಿಯೇ. ಬೆಳಗ್ಗೆ ಮಸ್ ಹುನಿ: ಬಿಡಿಸಿದ ಟ್ಯೂನಾ, ಹಸಿ ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಕಲಸಿ, ಚಪಾತಿಯಂಥ ರೋಶಿಯ ಜೊತೆ. ಮಧ್ಯಾಹ್ನ ಗರುದಿಯಾ ಎಂಬ ತಿಳಿ ಮೀನುಸಾರು ಮತ್ತು ಅನ್ನ. ಸಂಜೆ ಚಹಾದಂಗಡಿಯಲ್ಲಿ ಹೆದಿಕಾ, ಅಂದರೆ ಮೀನು-ತೆಂಗು ತುಂಬಿ ಕರಿದ ಬಗೆಬಗೆಯ ಕುರುಕುಗಳು. ಇಲ್ಲಿನ ಟ್ಯೂನಾವನ್ನು ಬಲೆ ಬೀಸಿ ಬಾಚುವುದಿಲ್ಲ. ಗಾಳಹಾಕಿ ಒಂದೊಂದಾಗಿ ಎತ್ತುತ್ತಾರೆ. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರದಲ್ಲೂ ತಂಗಿದ್ದ ಯಾತ್ರಿಕ ಇಬ್ನ್ ಬತೂತ ಮುಂದೆ ಕಲ್ಲಿಕೋಟೆಯಿಂದ ಇಲ್ಲಿಗೆ ಬಂದು ಖಾಜಿಯಾದ, ಇಲ್ಲಿಯೇ ಮದುವೆಗಳನ್ನೂ ಮಾಡಿಕೊಂಡ. ಈ ಜನ ಮೀನು ಮತ್ತು ತೆಂಗಿನ ಮೇಲೆ ಬದುಕುವುದನ್ನು ಅವನೂ ಬರೆದಿಟ್ಟಿದ್ದಾನೆ.

‘ಇಷ್ಟು ದೂರ ಏಕೆ, ಲಕ್ಷದ್ವೀಪ ಇಲ್ಲವೇ’ ಎಂಬ ಮಾತು 2024ರ ಜನವರಿಯಲ್ಲಿ ಭಾರತ-ಮಾಲ್ಡೀವ್ಸ್ ನಡುವಿನ ರಾಜಕೀಯ ಜಟಾಪಟಿಯಲ್ಲಿ ಜೋರಾಗಿ ಕೇಳಿಬಂತು. 2023ರಲ್ಲಿ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ ಮರುವರ್ಷ ಕುಸಿಯಿತು. ಲಕ್ಷದ್ವೀಪದ ಮಿನಿಕಾಯ್ ದ್ವೀಪದವರ ಭಾಷೆ ಮಾಲ್ಡೀವ್ಸ್‌ನ ದಿವೇಹಿಯದೇ ಒಂದು ರೂಪ. ಹವಳವೂ ಒಂದೇ, ಕಡಲೂ ಒಂದೇ. ಆದರೆ ಅಲ್ಲಿ ಪ್ರವೇಶಕ್ಕೆ ಪರವಾನಗಿ ಬೇಕು, ಕೋಣೆಗಳೂ ಬೆರಳೆಣಿಕೆ. ಅದು ಬೇರೆ ಬಗೆಯ ಪ್ರವಾಸ.

ಐದಾರು ದಿನ ಬಿಡುವಿರುವ ಜೋಡಿಗೆ ನನ್ನ ಸಲಹೆ ಇಷ್ಟು: ಮೊದಲ ಎರಡು ರಾತ್ರಿ ಊರಿನ ದ್ವೀಪದಲ್ಲಿರಿ, ಉಳಿದದ್ದನ್ನು ರೆಸಾರ್ಟ್‌ಗೆ ಇಡಿ. ಕೆಲವರು ಇದನ್ನು ತಿರುಗುಮುರುಗಾಗಿ ಮಾಡಿ, ಕೊನೆಗೆ ಗೆಸ್ಟ್‌ಹೌಸ್‌ನಲ್ಲಿ ಕುಳಿತು ರೆಸಾರ್ಟ್‌ಗಾಗಿ ಹಲುಬುತ್ತಾರೆ. ಊರಿನಿಂದ ಆರಂಭಿಸಿದರೆ ಮಸ್ ಹುನಿಯ ರುಚಿ ಗೊತ್ತಿರುತ್ತದೆ, ಬಫೆಯಲ್ಲಿ ಕಾಣದಿದ್ದರೆ ಕೇಳಿ ಮಾಡಿಸಿಕೊಳ್ಳುತ್ತೀರಿ. ಬಡಿಸುವಾತನ ಊರು ಯಾವ ದ್ವೀಪ ಎಂದು ವಿಚಾರಿಸುವಷ್ಟು ಸಲುಗೆ ಬಂದಿರುತ್ತದೆ. ಸಿಹಿನೀರಿನ ಬೆಲೆ ತಿಳಿದಿರುತ್ತದೆ. ಆಮೇಲೆ ಸಿಗುವ ಏಕಾಂತವನ್ನು ಫೋಟೊಗೆಂದಲ್ಲದೆ, ತಿಳಿದೇ ಖರೀದಿಸಿದ್ದೆಂಬ ನೆಮ್ಮದಿಯಿಂದ ಇಬ್ಬರೂ ಅನುಭವಿಸಬಹುದು.